ಮಳೆಗಾಲಕ್ಕೆ ಮುನ್ನ ಚಾರ್ಜರಿನ ಕಡೆಗೂ ಗಮನವಿರಲಿ

ಮಾನ್ಯ ಸಂಪಾದಕರೇ,

ಜೂನ್ ಹತ್ತಿರವಾದಂತೆ ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಮನೆಗಳಲ್ಲಿ ಸೌದೆಯನ್ನು ಒಳಗೆ ಪೇರಿಸುವ, ಹಂಚು ಕೈಯಾಡಿಸುವ ಕೆಲಸಗಳ ಜೊತೆಗೆ ಟಾರ್ಚು, ತಲೆದೀಪ, ಎಮರ್ಜೆನ್ಸಿ ಲ್ಯಾಂಪುಗಳನ್ನು ಹೊರತೆಗೆದು ಉರಿಯುತ್ತವೆಯೇ ಎಂದು ನೋಡುವ ಕೆಲಸವೂ ಸೇರಿಕೊಳ್ಳುತ್ತದೆ. ಗಾಳಿಗೆ ಮರ ಬಿದ್ದು ತಂತಿ ತುಂಡಾದರೆ, ಕಾಡಿನೊಳಗೆ ಹಾದುಹೋದ ಲೈನಿನಲ್ಲಿ ದೋಷ ಎಲ್ಲಿದೆಯೆಂದು ಹುಡುಕಿ ಸರಿಪಡಿಸುವಷ್ಟರಲ್ಲಿ ಒಂದೆರಡು ದಿನ ಕಳೆದುಹೋಗುವುದು ಇಲ್ಲಿ ಯಾರಿಗೂ ಹೊಸತಲ್ಲ. ರಾತ್ರಿ ತೋಟದ ಕಡೆ ಹೋಗಬೇಕಾದವರಿಗೆ, ಕೊಟ್ಟಿಗೆಯಲ್ಲಿ ಕರು ಹಾಕುವ ಹಸುವನ್ನು ಕಾಯುವವರಿಗೆ, ಮನೆಯಲ್ಲೇ ರಕ್ತದೊತ್ತಡ ಅಳೆಯುವ ಯಂತ್ರವನ್ನೂ ಆಕ್ಸಿಮೀಟರನ್ನೂ ಇಟ್ಟುಕೊಂಡಿರುವ ವೃದ್ಧರಿಗೆ ಸೆಲ್ಲು ಎಂಬುದು ಅಕ್ಕಿ, ಸೀಮೆಎಣ್ಣೆಗಳ ಸಾಲಿನಲ್ಲಿ ನಿಲ್ಲುವ ಅಗತ್ಯ ವಸ್ತು. ಹೀಗಿರುವಾಗ ಒಮ್ಮೆ ಬಳಸಿ ಎಸೆಯುವ ಸೆಲ್ಲುಗಳನ್ನು ಬಿಟ್ಟು ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದವನ್ನು ಕೊಳ್ಳಲು ಅನೇಕರು ಮನಸ್ಸು ಮಾಡುತ್ತಿರುವುದು ಸಂತೋಷದ ವಿಷಯ. ಆದರೆ ಸೆಲ್ಲನ್ನು ಆರಿಸುವಾಗ ತೋರುವ ಎಚ್ಚರವನ್ನು ಚಾರ್ಜರ್ ಆರಿಸುವಾಗ ತೋರುವವರು ವಿರಳ. ಒಳ್ಳೆಯ ಸೆಲ್ಲನ್ನು ಕೆಟ್ಟ ಚಾರ್ಜರ್ ಒಂದೇ ಮಳೆಗಾಲದಲ್ಲಿ ಹಾಳುಮಾಡಬಲ್ಲದು. ಅದರಲ್ಲೂ ಕರೆಂಟು ಗಳಿಗೆಗೊಮ್ಮೆ ಬಂದುಹೋಗುವ ನಮ್ಮ ಭಾಗದಲ್ಲಿ ಬೇರೆ ಊರುಗಳಿಗಿಂತ ಬೇಗನೆ ಹಾಳುಮಾಡುತ್ತದೆ. ಈ ಒಂದು ವಿಷಯವನ್ನು ತಮ್ಮ ಪತ್ರಿಕೆಯ ಓದುಗರಿಗೆ ವಿವರವಾಗಿ ತಿಳಿಸಬೇಕೆಂಬುದೇ ಈ ಪತ್ರದ ಉದ್ದೇಶ.

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ಅಕ್ಕಪಕ್ಕದ ಮನೆಗಳ ಟಾರ್ಚು, ರೇಡಿಯೊ, ಮಕ್ಕಳ ಆಟಿಕೆಗಳು ನನ್ನ ಮೇಜಿಗೆ ಬರುತ್ತಿರುತ್ತವೆ. ಸೆಲ್ಲಿನಲ್ಲಿ ಶಕ್ತಿಯಿಲ್ಲ, ಕಂಪನಿ ಮೋಸ ಮಾಡಿದೆ ಎಂಬ ದೂರಿನೊಂದಿಗೆ ಬರುವ ಸೆಲ್ಲುಗಳನ್ನು ಮೀಟರಿಗೆ ಹಿಡಿದು, ಅವುಗಳನ್ನು ಚಾರ್ಜ್ ಮಾಡುತ್ತಿದ್ದ ಸಾಧನವನ್ನೂ ತರಿಸಿ ನೋಡಿದರೆ ತಪ್ಪು ಹೆಚ್ಚಾಗಿ ಆ ಸಾಧನದಲ್ಲೇ ಕಾಣಸಿಗುತ್ತದೆ.

ಅಂಗಡಿಯಲ್ಲಿ ಪೆನ್ಸಿಲ್ ಸೆಲ್ ಎಂದು ಕೇಳಿದರೆ ಸಿಗುವ ಎಎ ಗಾತ್ರದ, ಸಣ್ಣ ಪೆನ್ಸಿಲ್ ಸೆಲ್ ಎಂದರೆ ಸಿಗುವ ಎಎಎ ಗಾತ್ರದ ಮರುಚಾರ್ಜ್ ಸೆಲ್ಲುಗಳು ಈಗ ಬಹುತೇಕ ನಿಕಲ್ ಮೆಟಲ್ ಹೈಡ್ರೈಡ್ ಜಾತಿಯವು. ಸಾಮಾನ್ಯ ಆಲ್ಕಲೈನ್ ಸೆಲ್ಲಿನ ಮೇಲೆ 1.5 ವೋಲ್ಟ್ ಎಂದಿದ್ದರೆ ಇವುಗಳ ಮೇಲೆ 1.2 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಈ ಅಂತರವನ್ನು ನೋಡಿ ಇವು ದುರ್ಬಲವೆಂದು ಭಾವಿಸುವವರಿದ್ದಾರೆ. ಆಲ್ಕಲೈನ್ ಸೆಲ್ಲು 1.5ರಿಂದ ಆರಂಭಿಸಿ ಬಳಸಿದಷ್ಟೂ ಇಳಿಯುತ್ತಲೇ ಹೋಗುತ್ತದೆ. ನಿಕಲ್ ಸೆಲ್ಲು 1.2ರ ಆಸುಪಾಸಿನಲ್ಲಿ ಬಹುಹೊತ್ತು ನಿಂತು ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಹೆಚ್ಚು ಕರೆಂಟು ಎಳೆಯುವ ಟಾರ್ಚು, ಕ್ಯಾಮೆರಾ ಫ್ಲ್ಯಾಶು, ಆಟಿಕೆಗಳಲ್ಲಿ ನಿಕಲ್ ಸೆಲ್ಲೇ ಮೇಲು. ಗೋಡೆ ಗಡಿಯಾರಕ್ಕೂ ಟಿವಿ ರಿಮೋಟಿಗೂ ಇವುಗಳ ಅಗತ್ಯವಿಲ್ಲ, ಅಲ್ಲಿ ಅಗ್ಗದ ಸಾಮಾನ್ಯ ಸೆಲ್ಲೇ ವರ್ಷಗಟ್ಟಲೆ ನಡೆಯುತ್ತದೆ.

ಈ ಸೆಲ್ಲು ತುಂಬುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಸೆಲ್ಲಿನ ಧನಧ್ರುವದಲ್ಲಿ ನಿಕಲ್ ಹೈಡ್ರಾಕ್ಸೈಡ್, ಋಣಧ್ರುವದಲ್ಲಿ ಹೈಡ್ರೋಜನ್ನನ್ನು ಹೀರಿ ಹಿಡಿದಿಟ್ಟುಕೊಳ್ಳುವ ಮಿಶ್ರಲೋಹ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ ಇರುತ್ತವೆ. ಚಾರ್ಜ್ ಆಗುತ್ತಿರುವಷ್ಟು ಹೊತ್ತು ವೋಲ್ಟೇಜು ನಿಧಾನವಾಗಿ ಏರುತ್ತದೆ. ಪೂರ್ತಿ ತುಂಬಿದ ಮೇಲೂ ಕರೆಂಟು ಹರಿಯುತ್ತಲೇ ಇದ್ದರೆ ಅದು ಶೇಖರವಾಗುವುದಿಲ್ಲ. ಧನಧ್ರುವದಲ್ಲಿ ಆಮ್ಲಜನಕ ಹುಟ್ಟಿ, ಅದು ಋಣಧ್ರುವಕ್ಕೆ ಹೋಗಿ ಮರಳಿ ಸಂಯೋಗ ಹೊಂದುತ್ತದೆ, ಹಾಗೆ ಹೊಂದುವಾಗ ಬಂದ ಶಕ್ತಿಯೆಲ್ಲ ಬಿಸಿಯಾಗಿ ಹೊರಬೀಳುತ್ತದೆ. ಸೆಲ್ಲು ಬಿಸಿಯಾದೊಡನೆ ಏರುತ್ತಿದ್ದ ವೋಲ್ಟೇಜು ಒಂದಿಷ್ಟು ಹಿಂದಕ್ಕೆ ಜಾರುತ್ತದೆ. ಈ ಜಾರುವಿಕೆ ಒಂದು ಸೆಲ್ಲಿಗೆ 5ರಿಂದ 10 ಮಿಲಿವೋಲ್ಟಿನಷ್ಟು ಮಾತ್ರ. ಒಳ್ಳೆಯ ಚಾರ್ಜರಿನೊಳಗಿನ ಎಲೆಕ್ಟ್ರಾನಿಕ್ ಚಿಪ್ ಕಾಯುತ್ತಾ ಕೂರುವುದು ಇಷ್ಟು ಸಣ್ಣ ಇಳಿತಕ್ಕೆ. ಅದು ಕಂಡ ಕೂಡಲೇ ಕರೆಂಟನ್ನು ನಿಲ್ಲಿಸುತ್ತದೆ. ಇದನ್ನು ಮೈನಸ್ ಡೆಲ್ಟಾ ವಿ ಎಂದು ಡಬ್ಬದ ಮೇಲೆ ಬರೆದಿರುತ್ತಾರೆ. ಇದಲ್ಲದೆ ಸೆಲ್ಲಿನ ಬಿಸಿಯನ್ನು ಅಳೆದು, ಮಿತಿಮೀರಿದರೆ ನಿಲ್ಲಿಸುವ ವ್ಯವಸ್ಥೆಯೂ ಉತ್ತಮ ಚಾರ್ಜರುಗಳಲ್ಲಿ ಇರುತ್ತದೆ. ನಿಲ್ಲಿಸುವವರಿಲ್ಲದೆ ಬಿಸಿ ಏರುತ್ತಲೇ ಹೋದರೆ ಸೆಲ್ಲಿನ ತಲೆಯಲ್ಲಿರುವ ಪುಟ್ಟ ಸುರಕ್ಷಾ ಕವಾಟ ತೆರೆದುಕೊಂಡು ಅನಿಲ ಹೊರಹೋಗುತ್ತದೆ, ಅದರೊಂದಿಗೆ ಒಳಗಿನ ತೇವವೂ ಹೋಗುತ್ತದೆ. ಹೋದ ತೇವ ಮರಳುವುದಿಲ್ಲ. ಅಂಥ ಸೆಲ್ಲು ರಿಮೋಟಿನಲ್ಲಿ ನಡೆದೀತು, ಟಾರ್ಚಿನಲ್ಲಿ ನಿಮಿಷಗಳಲ್ಲಿ ಸೋಲುತ್ತದೆ.

ಸೆಲ್ಲುಗಳ ಜೊತೆ ಉಚಿತವಾಗಿ ಬರುವ, ಅಥವಾ ತೀರಾ ಅಗ್ಗಕ್ಕೆ ಸಿಗುವ ಚಾರ್ಜರುಗಳು ಈ ಇಳಿತವನ್ನು ನೋಡುವುದೇ ಇಲ್ಲ. ಅವುಗಳಲ್ಲಿ ಎರಡು ಬಗೆ. ಒಂದು ಬಗೆಯದು ನಾವು ಕಿತ್ತು ತೆಗೆಯುವವರೆಗೂ ಕರೆಂಟು ಹರಿಸುತ್ತಲೇ ಇರುತ್ತದೆ. ಇನ್ನೊಂದರಲ್ಲಿ ಟೈಮರ್ ಇದ್ದು, ಗೊತ್ತುಪಡಿಸಿದ ಗಂಟೆಗಳಾದ ಮೇಲೆ ನಿಲ್ಲುತ್ತದೆ. ಟೈಮರ್ ಇರುವುದು ಸುರಕ್ಷಿತವೆಂದು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಕರೆಂಟು ಸದಾ ಇರುವ ಊರಿನಲ್ಲಿ, ಪೂರ್ತಿ ಖಾಲಿಯಾದ ಸೆಲ್ಲನ್ನೇ ಹಾಕುವುದಾದರೆ, ಆ ನಂಬಿಕೆಯಲ್ಲಿ ತಪ್ಪಿಲ್ಲ. ಮಲೆನಾಡಿನಲ್ಲಿ ಮಾತ್ರ ಲೆಕ್ಕ ಕೆಡುತ್ತದೆ, ಹೇಗೆಂದರೆ ಇಂಥ ಬಹುತೇಕ ಚಾರ್ಜರುಗಳ ಟೈಮರಿಗೆ ನೆನಪಿನ ಶಕ್ತಿಯಿಲ್ಲ. ಕರೆಂಟು ಹೋಗಿ ಬಂದರೆ ಅದು ಮತ್ತೆ ಸೊನ್ನೆಯಿಂದ ಎಣಿಸಲಾರಂಭಿಸುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 2000 ಮಿಲಿಆಂಪಿಯರ್ ಅವರ್ ಸಾಮರ್ಥ್ಯದ ಎಎ ಸೆಲ್ಲನ್ನು 200 ಮಿಲಿಆಂಪಿಯರ್ ಕೊಡುವ ಚಾರ್ಜರಿನಲ್ಲಿ ಇಟ್ಟರೆ ಬರೀ ಭಾಗಾಕಾರದ ಪ್ರಕಾರ ಹತ್ತು ಗಂಟೆ ಸಾಕು. ಕೊಟ್ಟದ್ದೆಲ್ಲ ಶೇಖರವಾಗದೆ ಒಂದಿಷ್ಟು ನಷ್ಟವಾಗುವುದರಿಂದ ಸುಮಾರು 14 ಗಂಟೆ ಬೇಕು, ಟೈಮರನ್ನೂ ಅಷ್ಟಕ್ಕೇ ಇಟ್ಟಿರುತ್ತಾರೆ. ಸಂಜೆ ಆರಕ್ಕೆ ಇಟ್ಟ ಸೆಲ್ಲು ಬೆಳಗಿನ ನಾಲ್ಕರ ಹೊತ್ತಿಗೆ ಹತ್ತು ಗಂಟೆ ಚಾರ್ಜ್ ಆಗಿರುವಾಗ ಕರೆಂಟು ಐದು ನಿಮಿಷ ಹೋಗಿ ಬಂದಿತೆನ್ನಿ. ಆಗಬೇಕಾದದ್ದು ಇನ್ನು ನಾಲ್ಕು ಗಂಟೆ, ಆಗುವುದು ಮತ್ತೆ 14 ಗಂಟೆ. ಉಳಿದ ಹತ್ತು ಗಂಟೆಗಳ ಕರೆಂಟೆಲ್ಲ ಸೆಲ್ಲನ್ನು ಕಾಯಿಸುವುದಕ್ಕೇ ವ್ಯಯವಾಗುತ್ತದೆ. ಇದು ನಿಧಾನ ಚಾರ್ಜರಿನ ಮಾತಾದ್ದರಿಂದ ದೊಡ್ಡ ಸೆಲ್ಲು ಹೇಗೋ ಸಹಿಸಿಕೊಂಡೀತು. ಅದೇ ಚಾರ್ಜರಿನಲ್ಲಿ 800ರ ಎಎಎ ಸೆಲ್ಲಿದ್ದರೆ ಅದರ ಪಾಲಿಗೆ ಆ ಕರೆಂಟು ಸಾಮರ್ಥ್ಯದ ಕಾಲುಭಾಗದಷ್ಟಾಗುತ್ತದೆ. ನಾಲ್ಕೈದು ಗಂಟೆಯ ವೇಗದ ಟೈಮರ್ ಚಾರ್ಜರಾದರೆ ಹಾನಿ ಇನ್ನೂ ಹೆಚ್ಚು. ಆಷಾಢದ ಒಂದು ರಾತ್ರಿಯಲ್ಲಿ ಕರೆಂಟು ಎಷ್ಟು ಬಾರಿ ಬಂದುಹೋಗುತ್ತದೆಂಬುದನ್ನು ಆಗುಂಬೆ, ನಗರ, ಹುಲಿಕಲ್ಲಿನ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ವೋಲ್ಟೇಜನ್ನು ನೋಡಿ ನಿಲ್ಲಿಸುವ ಚಾರ್ಜರು ಕೂಡ ಕರೆಂಟು ಬಂದಾಗ ಹೊಸದಾಗಿಯೇ ಶುರುಮಾಡುತ್ತದೆ, ನಿಜ. ಆದರೆ ಅದು ಗಡಿಯಾರವನ್ನು ನೋಡದೆ ಸೆಲ್ಲನ್ನು ನೋಡುವುದರಿಂದ, ಉಳಿದಷ್ಟನ್ನು ಮಾತ್ರ ತುಂಬಿ ಸುಮ್ಮನಾಗುತ್ತದೆ. ಹೀಗಾಗಿ ಬೆಂಗಳೂರಿನಲ್ಲಿ ಅನುಕೂಲವೆನಿಸಬಹುದಾದ ಈ ಗುಣವನ್ನು ಇಲ್ಲಿ ಅನಿವಾರ್ಯವೆಂದೇ ನಾನು ಭಾವಿಸುತ್ತೇನೆ.

ಮನೆಯಲ್ಲಿ ಈಗಾಗಲೇ ಇರುವ ಚಾರ್ಜರು ಯಾವ ಬಗೆಯದೆಂದು ತಿಳಿಯಲು ಮೀಟರು ಬೇಕಿಲ್ಲ. ಪೂರ್ತಿ ತುಂಬಿ ತಣ್ಣಗಾದ ಸೆಲ್ಲನ್ನು ತೆಗೆದು ಮತ್ತೆ ಅದರಲ್ಲೇ ಇಟ್ಟು, ಪಕ್ಕದಲ್ಲೇ ಇದ್ದು ಗಮನಿಸಬೇಕು. ಅರ್ಧ ಗಂಟೆಯೊಳಗೆ ತುಂಬಿದೆ ಎಂಬ ದೀಪ ಬಂದರೆ ಚಾರ್ಜರು ಸೆಲ್ಲನ್ನು ಗುರುತಿಸುತ್ತಿದೆಯೆಂದು ತಿಳಿಯಬಹುದು. ಗಂಟೆ ಕಳೆದರೂ ಕೆಂಪು ದೀಪವೇ ಇದ್ದು ಸೆಲ್ಲು ಬಿಸಿಯಾಗತೊಡಗಿದರೆ ಅದು ಗಡಿಯಾರವನ್ನು ನಂಬಿದ ಚಾರ್ಜರು. ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಅಂಥದ್ದನ್ನೇ ಬಳಸಬೇಕಾಗಿ ಬಂದರೆ ರಾತ್ರಿ ಇಟ್ಟು ಮಲಗದೆ ಹಗಲಲ್ಲಿ ಇಟ್ಟು, ಕರೆಂಟು ಇದ್ದ ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೂಡಿಸಿಕೊಂಡು, ಲೆಕ್ಕ ಮುಗಿದ ಕೂಡಲೇ ತೆಗೆದುಬಿಡುವುದು ಕ್ಷೇಮ. ಚಾರ್ಜಿನ ಕೊನೆಯಲ್ಲಿ ಸೆಲ್ಲು ಬೆಚ್ಚಗಾಗುವುದು ಸಹಜ. ಮುಟ್ಟಿ ಹಿಡಿದುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಅದು ಸಹಜವಲ್ಲ.

ಇನ್ನೊಂದು ದೋಷವು ಕಣ್ಣಿಗೆ ಸುಲಭವಾಗಿ ಕಾಣುವಂಥದ್ದು. ನಾಲ್ಕು ಸೆಲ್ಲಿನ ಚಾರ್ಜರಿನಲ್ಲಿ ಎರಡೇ ದೀಪಗಳಿದ್ದು, ಸೆಲ್ಲುಗಳನ್ನು ಜೋಡಿಯಾಗಿಯೇ ಹಾಕಬೇಕೆಂಬ ಸೂಚನೆ ಇದ್ದರೆ, ಒಳಗೆ ಎರಡೆರಡು ಸೆಲ್ಲುಗಳನ್ನು ಒಂದರ ಹಿಂದೊಂದು ಸೇರಿಸಿ ಕರೆಂಟು ಹರಿಸುತ್ತಾರೆಂದು ಅರ್ಥ. ಹಸಿದ ದನಕ್ಕೂ ಹೊಟ್ಟೆ ತುಂಬಿದ ದನಕ್ಕೂ ಒಂದೇ ಅಳತೆಯ ಅಕ್ಕಚ್ಚು ಕುಡಿಸಿದಂತೆ, ಜೋಡಿಯಲ್ಲಿ ಮೊದಲು ತುಂಬಿದ ಸೆಲ್ಲು ಎರಡನೆಯದು ತುಂಬುವವರೆಗೂ ಬೇಯುತ್ತಿರುತ್ತದೆ. ತೋಟಕ್ಕೆ ಹೋಗುವವರು ತಲೆಗೆ ಕಟ್ಟಿಕೊಳ್ಳುವ ದೀಪಗಳಲ್ಲಿ ಅನೇಕವು ಮೂರು ಎಎಎ ಸೆಲ್ಲುಗಳನ್ನು ಬೇಡುತ್ತವೆ. ಜೋಡಿ ಚಾರ್ಜರಿನಲ್ಲಿ ಮೂರನೆಯದಕ್ಕೆ ಸಂಗಾತಿಯಾಗಿ ಎಲ್ಲಿಂದಲೋ ಒಂದು ಹಳೆಯ ಸೆಲ್ಲನ್ನು ತಂದು ಹಾಕುತ್ತಾರೆ, ಅಲ್ಲಿಂದ ಎರಡೂ ಕೆಡಲು ಆರಂಭಿಸುತ್ತವೆ. ಆದ್ದರಿಂದ ಪ್ರತಿ ಸೆಲ್ಲಿಗೂ ಪ್ರತ್ಯೇಕ ದೀಪ, ಪ್ರತ್ಯೇಕ ನಿಯಂತ್ರಣ ಇರುವ ಚಾರ್ಜರನ್ನೇ ಕೇಳಿ ಕೊಳ್ಳಬೇಕು. ಬಳಕೆಯಲ್ಲೂ ಇದೇ ಎಚ್ಚರ ಬೇಕು: ಒಂದು ಟಾರ್ಚಿನ ಸೆಲ್ಲುಗಳು ಒಂದೇ ಬಗೆಯವಾಗಿ, ಒಂದೇ ವಯಸ್ಸಿನವಾಗಿ ಇರಬೇಕು. ಬೆಳಕು ಮಂಕಾದ ಮೇಲೂ ಉರಿಸುತ್ತಲೇ ಇದ್ದರೆ ಮೊದಲು ಖಾಲಿಯಾದ ಸೆಲ್ಲಿನ ಮೂಲಕ ಉಳಿದವು ಹಿಮ್ಮುಖವಾಗಿ ಕರೆಂಟು ನೂಕಿ ಅದನ್ನು ಶಾಶ್ವತವಾಗಿ ಕೆಡಿಸುತ್ತವೆ. ಒಟ್ಟಿಗೆ ಬಳಸುವ ಸೆಲ್ಲುಗಳ ಮೇಲೆ ಮಾರ್ಕರಿನಿಂದ ಕೊಂಡ ವರ್ಷವನ್ನೂ ಗುರುತನ್ನೂ ಬರೆದಿಡುವ ಅಭ್ಯಾಸ ಒಳ್ಳೆಯದು.

ಕರೆಂಟಿನ ಪ್ರಮಾಣದ ವಿಷಯದಲ್ಲಿ ಅತಿಯೂ ಬೇಡ, ತೀರಾ ಕಡಿಮೆಯೂ ಬೇಡ. 2000ರ ಎಎ ಸೆಲ್ಲಿಗೆ 500ರಿಂದ 1000 ಮಿಲಿಆಂಪಿಯರ್, 800ರ ಎಎಎ ಸೆಲ್ಲಿಗೆ 250ರಿಂದ 400 ಇದ್ದರೆ ಹದವಾಗಿರುತ್ತದೆ. ತೀರಾ ಕಡಿಮೆಯಾದರೆ ಮೇಲೆ ಹೇಳಿದ ವೋಲ್ಟೇಜಿನ ಇಳಿತ ಗುರುತಿಗೆ ಸಿಗದಷ್ಟು ಸಣ್ಣದಾಗಿ, ಒಳ್ಳೆಯ ಚಾರ್ಜರು ಕೂಡ ಮೋಸಹೋಗುತ್ತದೆ. ಒಂದು ಗಂಟೆಯೊಳಗೆ ತುಂಬಿಸುವೆನೆನ್ನುವ ಚಾರ್ಜರುಗಳ ಬಿಸಿ ಹೆಚ್ಚು, ದಿನನಿತ್ಯಕ್ಕೆ ಅವು ಬೇಡ. ಫೋನಿನ ಅಡಾಪ್ಟರಿನಿಂದಲೇ ನಡೆಯುವ ಯುಎಸ್‌ಬಿ ಬಗೆಯ ಚಾರ್ಜರಾದರೆ ನಮಗೆ ಇನ್ನೊಂದು ಲಾಭವಿದೆ: ಕರೆಂಟಿಲ್ಲದ ದಿನ ಪವರ್ ಬ್ಯಾಂಕಿನಿಂದಲೋ ಸಣ್ಣ ಸೋಲಾರ್ ಫಲಕದಿಂದಲೋ ಸೆಲ್ಲು ತುಂಬಿಕೊಳ್ಳಬಹುದು. ನಾಲ್ಕು ಸೆಲ್ಲುಗಳನ್ನು ಒಟ್ಟಿಗೆ ಹಾಕುವುದಾದರೆ ಅಡಾಪ್ಟರು 5 ವೋಲ್ಟ್, 2 ಆಂಪಿಯರ್ ಕೊಡುವಂಥದ್ದಾಗಿರಲಿ. ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆ ನಿಜವೇ ಎಂದು ಬಿಐಎಸ್ ಕೇರ್ ಆ್ಯಪಿನಲ್ಲಿ ಯಾರು ಬೇಕಾದರೂ ನೋಡಬಹುದು. ಇಂಥ ಚಾರ್ಜರಿನ ಬೆಲೆ ನಾಲ್ಕು ಸೆಲ್ಲುಗಳ ಬೆಲೆಗಿಂತ ಹೆಚ್ಚಾಗಬಹುದು. ಕೊಡುವುದು ಒಮ್ಮೆ ಮಾತ್ರ, ಮತ್ತು ಅದು ಅನೇಕ ಜೊತೆ ಸೆಲ್ಲುಗಳನ್ನು ಉಳಿಸುತ್ತದೆ ಎಂಬುದನ್ನು ನೆನಪಿಡಬೇಕು.

ಸೆಲ್ಲಿನ ಮೇಲಿನ ದೊಡ್ಡ ಅಂಕಿಗೆ ಮರುಳಾಗುವುದು ಬೇಡ. ಎಎ ಗಾತ್ರದಲ್ಲಿ ನಿಜವಾಗಿ ಸಿಗುವ ಅತಿ ಹೆಚ್ಚಿನ ಸಾಮರ್ಥ್ಯ 2700, 2800ರ ಆಸುಪಾಸಿನದು. ಅದಕ್ಕಿಂತ ಬಹಳ ಮೇಲಿನ ಅಂಕಿ ಅಚ್ಚಾಗಿದ್ದರೆ ಅನುಮಾನಿಸಲೇಬೇಕು. ನಮ್ಮ ಬಳಕೆಗೆ 2000ರ ಆಸುಪಾಸಿನ, ಇಟ್ಟಲ್ಲೇ ಚಾರ್ಜು ಸೋರಿಹೋಗದ ಜಾತಿಯ ಸೆಲ್ಲುಗಳೇ ಉತ್ತಮ. ಸ್ಯಾನ್ಯೋ ಕಂಪನಿ 2005ರಲ್ಲಿ ಎನಲೂಪ್ ಹೆಸರಿನಲ್ಲಿ ಈ ಜಾತಿಯನ್ನು ಮಾರುಕಟ್ಟೆಗೆ ತಂದಿತು, ಈಗ ಹಲವರು ತಯಾರಿಸುತ್ತಾರೆ. ಹಳೆಯ ಬಗೆಯವು ಸುಮ್ಮನೆ ಇಟ್ಟರೂ ತಿಂಗಳೊಪ್ಪತ್ತಿನಲ್ಲಿ ಸಾಕಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಇವು ವರ್ಷದ ನಂತರವೂ ಬಹುಪಾಲನ್ನು ಉಳಿಸಿಕೊಂಡಿರುತ್ತವೆ. ಮೇ ತಿಂಗಳಲ್ಲಿ ತುಂಬಿಸಿಟ್ಟ ಟಾರ್ಚು ಆಗಸ್ಟಿನ ಒಂದು ರಾತ್ರಿ ಬೇಕಾದಾಗ ಹೊತ್ತಿಕೊಳ್ಳಬೇಕಾದರೆ ಈ ಗುಣವೇ ಮುಖ್ಯ.

ಈಗ ಜೀವಕ್ಕೇ ಅಪಾಯ ತರಬಲ್ಲ ವಿಷಯಕ್ಕೆ ಬರುತ್ತೇನೆ. ಹಿಂಬದಿಯಲ್ಲಿ ಎರಡು ಪಿನ್ನುಗಳು ಹೊರಬಂದು, ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಅಗ್ಗದ ಟಾರ್ಚುಗಳು ನಮ್ಮ ಸಂತೆಗಳಲ್ಲೂ ಜಾತ್ರೆಗಳಲ್ಲೂ ರಾಶಿರಾಶಿಯಾಗಿ ಸಿಗುತ್ತವೆ. ಸೊಳ್ಳೆ ಬ್ಯಾಟುಗಳೂ ಹಾಗೆಯೇ. ಇವುಗಳಲ್ಲಿ ಹೆಚ್ಚಿನವುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರಿನ ಮೂಲಕ 230 ವೋಲ್ಟಿನ ಕರೆಂಟನ್ನು ತಗ್ಗಿಸಿ ಬ್ಯಾಟರಿಗೆ ಬಿಡುತ್ತಾರೆ. ಅಂದರೆ ಚಾರ್ಜ್ ಆಗುತ್ತಿರುವಷ್ಟು ಹೊತ್ತು ಟಾರ್ಚಿನ ಒಳಭಾಗವೆಲ್ಲ ಮೇನ್ ಲೈನಿಗೆ ನೇರವಾಗಿ ಸೇರಿಕೊಂಡಿರುತ್ತದೆ. ಮೈ ಬಿರುಕುಬಿಟ್ಟಿದ್ದರೆ, ಗುಂಡಿಯ ಸಂದಿಯಲ್ಲಿ ನೀರು ಇಳಿದಿದ್ದರೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅದನ್ನು ಮುಟ್ಟಿದವರಿಗೆ ಶಾಕ್ ಹೊಡೆಯುವುದರಲ್ಲಿ ಆಶ್ಚರ್ಯವಿಲ್ಲ. ಸಾಕೆಟ್ಟಿನಲ್ಲಿ ಇರುವಾಗಲೇ ಟಾರ್ಚನ್ನು ಹೊತ್ತಿಸಿ ನೋಡುವುದು, ಮಕ್ಕಳ ಕೈಗೆಟುಕುವ ಸಾಕೆಟ್ಟಿಗೆ ಸಿಕ್ಕಿಸುವುದು ಎಂದಿಗೂ ಕೂಡದು. ಚೌಕದೊಳಗೆ ಚೌಕದ ಗುರುತು, ಅಂದರೆ ಇಮ್ಮಡಿ ನಿರೋಧದ ಗುರುತು ಇರುವ ಪ್ರತ್ಯೇಕ ಅಡಾಪ್ಟರಿನಿಂದ ಚಾರ್ಜ್ ಆಗುವ ಟಾರ್ಚನ್ನು ಕೊಳ್ಳುವುದೇ ಇದಕ್ಕೆ ಸರಿಯಾದ ಪರಿಹಾರ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ಲೈನನ್ನು ಕಡಿದುಬಿಡುವ ಸುರಕ್ಷಾ ಸ್ವಿಚ್ಚು, ಹಾಕಿಸಿಕೊಳ್ಳುವುದು ಅದಕ್ಕೂ ಮೊದಲಿನ ಕರ್ತವ್ಯ. ಕೆಪಾಸಿಟರ್ ಬಗೆಯ ಟಾರ್ಚುಗಳನ್ನು ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟಿಗೆ ಸಿಕ್ಕಿಸುವುದೂ ಸಲ್ಲದು. ಆ ಕರೆಂಟು ನಯವಾದ ಅಲೆಯಾಗಿರದೆ ಥಟ್ಟನೆ ಏರಿ ಥಟ್ಟನೆ ಇಳಿಯುವುದರಿಂದ ಕೆಪಾಸಿಟರಿನ ಮೂಲಕ ಹೆಚ್ಚು ಕರೆಂಟು ನುಗ್ಗಿ ಭಾಗಗಳು ಸುಡಬಹುದು.

ಇಂಥ ಟಾರ್ಚುಗಳಲ್ಲಿ, ದೊಡ್ಡ ಎಮರ್ಜೆನ್ಸಿ ದೀಪಗಳಲ್ಲಿ, ಬೆನ್ನಿಗೆ ಹೊತ್ತು ಔಷಧಿ ಸಿಂಪಡಿಸುವ ಬ್ಯಾಟರಿ ಪಂಪುಗಳಲ್ಲಿ ಸಾಮಾನ್ಯವಾಗಿ ಇರುವುದು 4, 6 ಅಥವಾ 12 ವೋಲ್ಟಿನ ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. ಇದರ ಸ್ವಭಾವವೇ ಬೇರೆ. ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕೆಂಬ ಒಂದು ಮಾತು ಜನರಲ್ಲಿ ಬೇರೂರಿದೆ. ಅದು ಹಿಂದಿನ ನಿಕಲ್ ಕ್ಯಾಡ್ಮಿಯಂ ಸೆಲ್ಲುಗಳ ಕಾಲದ ಮಾತು. ಸೀಸದ ಬ್ಯಾಟರಿಯನ್ನು ಖಾಲಿ ಮಾಡಿ ಇಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತು, ಮತ್ತೆ ಚಾರ್ಜನ್ನು ಹಿಡಿಯುವುದಿಲ್ಲ. ಅದನ್ನು ಬಳಸಿದ ದಿನವೇ ತುಂಬಿಸಬೇಕು. ಬಳಸದೆ ಇಟ್ಟಾಗಲೂ ಎರಡು ಮೂರು ತಿಂಗಳಿಗೊಮ್ಮೆ ತುಂಬಿಸಬೇಕು. ಸಿಂಪಡಣೆ ಮುಗಿದ ಮೇಲೆ ಪಂಪನ್ನು ತೊಳೆದು ಅಟ್ಟಕ್ಕೇರಿಸಿ, ಮುಂದಿನ ಹಂಗಾಮಿಗೆ ಇಳಿಸಿದಾಗ ಬ್ಯಾಟರಿ ಸತ್ತಿರುವುದನ್ನು ಕಂಡು ಹೊಸದಕ್ಕೆ ಹಣ ಸುರಿಯುವ ಬೆಳೆಗಾರರನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ, ಅದನ್ನು ಉಳಿಸಲು ಬೇಕಾಗಿದ್ದುದು ಆಗೊಮ್ಮೆ ಈಗೊಮ್ಮೆ ಒಂದು ರಾತ್ರಿಯ ಚಾರ್ಜು ಮಾತ್ರ. 12 ವೋಲ್ಟಿನ ಬ್ಯಾಟರಿಗೆ ಚಾರ್ಜರು 14.4 ವೋಲ್ಟಿನ ಆಸುಪಾಸಿಗೆ ಏರಿಸಿ, ತುಂಬಿದ ಮೇಲೆ 13.5ರಿಂದ 13.8ಕ್ಕೆ ತಾನಾಗಿ ಇಳಿಸುವಂಥದ್ದಾಗಿರಬೇಕು. ಪಂಪಿನ ಜೊತೆ ಬಂದ ಚಾರ್ಜರು ಕೆಟ್ಟಿತೆಂದು ಪಿನ್ನು ಹೊಂದುವ ಯಾವುದೋ ಅಡಾಪ್ಟರನ್ನು ಸಿಕ್ಕಿಸುವುದು ಈ ಬ್ಯಾಟರಿಗಳನ್ನು ಕೊಲ್ಲುವ ಇನ್ನೊಂದು ದಾರಿ.

ಲಿಥಿಯಂ ಸೆಲ್ಲುಗಳ ವಿಷಯದಲ್ಲಿ ತಪ್ಪಿಗೆ ಬೆಂಕಿಯೇ ದಂಡವಾಗಬಹುದು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದವಿರುವುದರಿಂದ 18650 ಎಂದು ಕರೆಸಿಕೊಳ್ಳುವ ಸೆಲ್ಲುಗಳು ಈಗಿನ ಪ್ರಖರವಾದ ಟಾರ್ಚುಗಳಲ್ಲಿರುತ್ತವೆ. ಇವುಗಳ ಚಾರ್ಜು 4.2 ವೋಲ್ಟಿಗೆ ನಿಖರವಾಗಿ ನಿಲ್ಲಬೇಕು. ಅದೇ ಗಾತ್ರದಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಎಂಬ 3.2 ವೋಲ್ಟಿನ ಜಾತಿಯೂ ಸಿಗುತ್ತದೆ. ಅದರ ಮಿತಿ 3.65 ವೋಲ್ಟ್. ಗಾತ್ರ ಹೊಂದಿತೆಂದು ಒಂದರ ಚಾರ್ಜರಿನಲ್ಲಿ ಇನ್ನೊಂದನ್ನು ಇಡಬಾರದು. 14500 ಎಂಬ ಲಿಥಿಯಂ ಸೆಲ್ಲಂತೂ ನೋಡುವುದಕ್ಕೆ ಪೆನ್ಸಿಲ್ ಸೆಲ್ಲಿನಂತೆಯೇ ಇದ್ದರೂ 3.7 ವೋಲ್ಟಿನದು, ಅದನ್ನು ನಿಕಲ್ ಚಾರ್ಜರಿಗೆ ಹಾಕುವುದು ಅಪಾಯ, ಸಾಮಾನ್ಯ ಉಪಕರಣಕ್ಕೆ ಹಾಕಿದರೆ ಉಪಕರಣವೇ ಸುಡಬಹುದು. ಈಚೆಗೆ ಬಂದಿರುವ, ತಲೆಯಲ್ಲೇ ಯುಎಸ್‌ಬಿ ತೂತು ಇರುವ 1.5 ವೋಲ್ಟಿನ ಲಿಥಿಯಂ ಪೆನ್ಸಿಲ್ ಸೆಲ್ಲುಗಳನ್ನು ಅವುಗಳ ಕೇಬಲಿನಿಂದಲೇ ತುಂಬಿಸಬೇಕೇ ಹೊರತು ನಿಕಲ್ ಚಾರ್ಜರಿನಲ್ಲಿ ಇಡಬಾರದು. ಆಲ್ಕಲೈನ್ ಸೆಲ್ಲನ್ನು ಯಾವ ಚಾರ್ಜರಿಗೂ ಹಾಕಬಾರದೆಂಬುದನ್ನು ಮಕ್ಕಳಿಗೂ ಕಲಿಸಬೇಕು, ಒಳಗೆ ಅನಿಲ ತುಂಬಿ ಒಡೆದು ಕ್ಷಾರ ಸೋರುತ್ತದೆ. ಇನ್ನು 18650 ಸೆಲ್ಲಿನ ಮೇಲೆ 9900 ಎಂಬಂಥ ಅಂಕಿಗಳನ್ನು ಕಂಡರೆ ಅದು ಸುಳ್ಳೆಂದೇ ತಿಳಿಯಬೇಕು, ಆ ಗಾತ್ರಕ್ಕೆ ಅಷ್ಟು ಹಿಡಿಯುವ ಶಕ್ತಿಯೇ ಇಲ್ಲ. ಉಬ್ಬಿದ, ಹೊದಿಕೆ ಹರಿದ ಸೆಲ್ಲನ್ನು ಮತ್ತೆ ಚಾರ್ಜಿಗೆ ಇಡಬಾರದು. ಹಾಸಿಗೆಯ ಮೇಲೆ, ಹುಲ್ಲಿನ ಅಟ್ಟದ ಕೆಳಗೆ, ಅಡಿಕೆ ಸಿಪ್ಪೆಯ ರಾಶಿಯ ಬಳಿ ಯಾವುದನ್ನೂ ಚಾರ್ಜಿಗೆ ಇಡಬಾರದು.

ನಮ್ಮ ಹವೆಯ ಬಗ್ಗೆಯೂ ಎರಡು ಮಾತು. ಮಳೆಗಾಲದಲ್ಲಿ ತೇವಕ್ಕೆ ಹೆದರಿ ಚಾರ್ಜರನ್ನೂ ಸೆಲ್ಲುಗಳನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಇಡುವ ರೂಢಿ ಕೆಲವು ಮನೆಗಳಲ್ಲಿದೆ. 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ನಿಕಲ್ ಸೆಲ್ಲು ಚಾರ್ಜನ್ನು ಸರಿಯಾಗಿ ಸ್ವೀಕರಿಸುವುದಿಲ್ಲ, ಸುಮ್ಮನೆ ಇಟ್ಟರೂ ಅದರ ಚಾರ್ಜು ಬೇಗ ಸೋರುತ್ತದೆ. ಬಿಗಿಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿ ತಂಪಾದ ಕಡೆ ಇಡುವುದು ಲೇಸು. ಚಾರ್ಜರಿನ ಲೋಹದ ತುದಿಗಳು ತೇವಕ್ಕೆ ಮಂಕಾದರೆ ಸಂಪರ್ಕ ಕೆಟ್ಟು ಅದು ವೋಲ್ಟೇಜನ್ನು ತಪ್ಪಾಗಿ ಓದುತ್ತದೆ, ಆಗಾಗ ಒಣಬಟ್ಟೆಯಿಂದ ಉಜ್ಜಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಕೊನೆಯದಾಗಿ ಹಳೆಯ ಸೆಲ್ಲುಗಳ ವಿಷಯ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಕೆದಾರರು ಬ್ಯಾಟರಿಗಳನ್ನು ಇತರ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸಬೇಕು, ತಯಾರಕರು ಅವನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಬೇಕು. ಆದರೆ ಹಳ್ಳಿಯ ಮನೆಯವರು ಎಲ್ಲಿ ಒಪ್ಪಿಸಬೇಕು? ತೋಟದ ಅಂಚಿಗೋ ಹಳ್ಳದ ದಂಡೆಗೋ ಎಸೆದ ಸೆಲ್ಲುಗಳಲ್ಲಿನ ಸೀಸ, ಕ್ಯಾಡ್ಮಿಯಂಗಳು ತುಂಗೆ, ಶರಾವತಿಗಳಿಗೆ ಸೇರುವ ನೀರಿನ ದಾರಿಯಲ್ಲೇ ಇರುತ್ತವೆ. ಪ್ರತಿ ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿ ಹಳೆಯ ಸೆಲ್ಲುಗಳಿಗೆಂದು ಮುಚ್ಚಳವಿರುವ ಒಂದು ಡಬ್ಬವನ್ನಿರಿಸಿ, ಅದನ್ನು ಕಾಲಕಾಲಕ್ಕೆ ತಾಲ್ಲೂಕು ಕೇಂದ್ರದಿಂದ ಅಧಿಕೃತ ಮರುಬಳಕೆದಾರರಿಗೆ ತಲುಪಿಸುವ ವ್ಯವಸ್ಥೆಯನ್ನು ಜಿಲ್ಲಾ ಪಂಚಾಯಿತಿಯು ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಲಿಥಿಯಂ ಸೆಲ್ಲುಗಳ ಎರಡೂ ತುದಿಗಳಿಗೆ ಟೇಪು ಅಂಟಿಸಿ ಹಾಕುವಂತೆ ಆ ಡಬ್ಬದ ಮೇಲೆ ಬರೆಸಬೇಕು. ಶಿವಮೊಗ್ಗದ ಗಾಂಧಿ ಬಜಾರಿನಿಂದ ಹಿಡಿದು ನಮ್ಮ ಪೇಟೆಗಳವರೆಗಿನ ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಪ್ರತಿ ಸೆಲ್ಲಿಗೆ ಪ್ರತ್ಯೇಕ ನಿಯಂತ್ರಣವಿರುವ ಚಾರ್ಜರುಗಳನ್ನು ಈ ಮೇ ತಿಂಗಳಿನಿಂದಲೇ ತರಿಸಿಟ್ಟುಕೊಳ್ಳಿ, ಗ್ರಾಹಕರು ಅಗ್ಗದ್ದನ್ನು ಕೇಳಿದಾಗ ಎರಡಕ್ಕೂ ಇರುವ ವ್ಯತ್ಯಾಸವನ್ನು ಹೇಳಿ, ಆಮೇಲೆ ಆಯ್ಕೆಯನ್ನು ಅವರಿಗೇ ಬಿಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ